ಕೀಮೋ ನಡುವೆ ಮಗು ಮನೆಗೆ ಬಂದಾಗ: ಕೊಡಗಿನ ನೆಂಟರಿಷ್ಟರಿಗೆ

ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಂಗಳೂರಿನಲ್ಲೋ ತಲಶ್ಶೇರಿಯಲ್ಲೋ ಚಿಕಿತ್ಸೆ ಶುರುವಾಗಿದೆ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ನಡುವೆ ಡಾಕ್ಟರು "ಊರಿಗೆ ಹೋಗಿ ಬನ್ನಿ" ಎನ್ನುತ್ತಾರೆ. ವಾರಗಟ್ಟಲೆ ವಾರ್ಡಿನಲ್ಲಿ ಕೂತ ಅಪ್ಪ ಅಮ್ಮ ಸೋತು ಹೋಗಿರುತ್ತಾರೆ. ಆಗ ಅಜ್ಜಿ, ದೊಡ್ಡಮ್ಮ, ಚಿಕ್ಕಪ್ಪ, ಸೋದರತ್ತೆ ಕೈಗೂಡಿಸಬೇಕಾಗುತ್ತದೆ. ಇದನ್ನು ಬರೆದಿರುವುದು ಅವರಿಗಾಗಿ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಎಎಲ್‌ಎಲ್ ಎಂಬ ರಕ್ತದ ಕ್ಯಾನ್ಸರನ್ನು ಮುಂದಿಟ್ಟುಕೊಂಡು ಬರೆದಿದೆ. ಅದರ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ, ಅದರಲ್ಲಿ ಬಹುಪಾಲು ದಿನ ಮಗು ಮನೆಯಲ್ಲೇ ಇರುತ್ತದೆ. ಬೇರೆ ಕ್ಯಾನ್ಸರ್‌ಗಳಲ್ಲೂ ಜ್ವರ, ಬಾಯಿ, ಊಟದ ವಿಷಯ ಹೆಚ್ಚುಕಡಿಮೆ ಇದೇ. ನಿಮ್ಮ ವಾರ್ಡಿನವರು ಬೇರೆ ರೀತಿ ಹೇಳಿದ್ದರೆ ಅವರ ಮಾತನ್ನೇ ನಡೆಸಿ.

ಮೊದಲು ದಾರಿ ಅಳೆಯಿರಿ

ಮಗು ಬರುವ ಮೊದಲೇ ಮಾಡಬೇಕಾದ ಕೆಲಸ ಇದು. ನಿಮ್ಮ ತೋಟದ ಮನೆಯ ಗೇಟಿನಿಂದ ಗಾಡಿ ಹೊರಟರೆ, ನಡುರಾತ್ರಿಯಲ್ಲೂ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಕೊಡಬಲ್ಲ ಆಸ್ಪತ್ರೆಗೆ ಎಷ್ಟು ಹೊತ್ತು ಹಿಡಿಯುತ್ತದೆ? ಗಡಿಯಾರ ನೋಡಿಕೊಂಡು ಒಮ್ಮೆ ಹೋಗಿಯೇ ಬನ್ನಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು 250ಕ್ಕೂ ಮೇಲೆ. ರೈಲು ನಮ್ಮ ಜಿಲ್ಲೆಗೆ ಇಲ್ಲವೇ ಇಲ್ಲ. ಜುಲೈ ಆಗಸ್ಟ್‌ನಲ್ಲಿ ಮರ ಬಿದ್ದರೆ ಒಳದಾರಿಯಲ್ಲಿ ಎರಡು ಗಂಟೆ ಹೋಗುವುದು ದೊಡ್ಡ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದು ಮಡಿಕೇರಿ-ಸಂಪಾಜೆ ರಸ್ತೆಯೇ ಕಡಿದುಹೋಗಿತ್ತು. ಮಂಗಳೂರಿನಲ್ಲಿ ಚಿಕಿತ್ಸೆ ಇರುವವರು ಮಳೆಗಾಲಕ್ಕೆ ಘಾಟಿ ಇಳಿಯುವ ಅದೊಂದೇ ದಾರಿಯನ್ನು ನಂಬಿ ಕೂರಬಾರದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೀಮೋ ಔಷಧಿ ಕ್ಯಾನ್ಸರ್ ಕಣಗಳ ಜತೆಗೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನೂ ಕೊಲ್ಲುತ್ತದೆ. ಸಾಮಾನ್ಯವಾಗಿ ಕೀಮೋ ಕೊಟ್ಟ 7ರಿಂದ 14ನೇ ದಿನದ ಒಳಗೆ ಅವು ತೀರಾ ಕೆಳಗೆ ಇಳಿದಿರುತ್ತವೆ, ಅಂದರೆ ಮಗು ಮನೆಯಲ್ಲಿರುವ ದಿನಗಳಲ್ಲೇ. ಆ ಹೊತ್ತಿನಲ್ಲಿ ಬರುವ ಜ್ವರ ಕೆಲವೇ ಗಂಟೆಗಳಲ್ಲಿ ರಕ್ತವೆಲ್ಲ ನಂಜಾಗುವಷ್ಟು ಬೆಳೆಯಬಲ್ಲದು. ಮನೆಯಿಂದ ಅಂಥ ಆಸ್ಪತ್ರೆ ಒಂದು ಗಂಟೆಗಿಂತ ದೂರವಿದ್ದರೆ, ಚಿಕಿತ್ಸೆಯ ಮೊದಲ ತಿಂಗಳು ಮತ್ತು ಜೋರು ಕೀಮೋ ಇರುವ ಹಂತಗಳಲ್ಲಿ ಊರಿಗೆ ಕರೆತರುವುದೇ ಬೇಡ. ಆಸ್ಪತ್ರೆಯ ಹತ್ತಿರದ ಧರ್ಮಶಾಲೆಯಲ್ಲೋ ಪೇಟೆಯ ನೆಂಟರ ಮನೆಯಲ್ಲೋ ಇರಲಿ. "ಮನೆ ಅನ್ನ ತಿಂದರೆ ಮಗು ಚೇತರಿಸಿಕೊಳ್ಳುತ್ತೆ" ಎಂದು ಅಜ್ಜಿಗೆ ಅನ್ನಿಸುವುದು ಸಹಜ. ಹಾಗಿದ್ದರೆ ಅಜ್ಜಿಯೇ ಅಲ್ಲಿಗೆ ಹೋಗಿ ಬೇಯಿಸಿ ಹಾಕಲಿ.

ಡಿಸ್ಚಾರ್ಜ್ ಆಗುವಾಗ ವಾರ್ಡಿನ ಡಾಕ್ಟರಿಂದ ಜ್ವರದ ಚೀಟಿ ಬರೆಸಿಕೊಳ್ಳಿ. ಅದರಲ್ಲಿ ಕಾಯಿಲೆಯ ಹೆಸರು, ಕೊನೆಯ ಕೀಮೋ ಯಾವುದು ಮತ್ತು ಎಂದು, ಮಗುವಿನ ತೂಕ, ಜ್ವರ ಬಂದರೆ ಯಾವ ಆ್ಯಂಟಿಬಯೋಟಿಕ್ ಎಷ್ಟು ಮಿಲಿಗ್ರಾಂ, ಯಾವ ಔಷಧಿ ಆಗಿಬರುವುದಿಲ್ಲ, ಕೈಯಲ್ಲಿ ಪಿಕ್ ಲೈನ್ (ಔಷಧಿ ಕೊಡಲು ರಕ್ತನಾಳಕ್ಕೆ ಹಾಕಿಟ್ಟ ತೆಳು ನಳಿಕೆ) ಇದೆಯೇ ಎದೆಯಲ್ಲಿ ಪೋರ್ಟ್ (ಅದೇ ಕೆಲಸಕ್ಕೆ ಚರ್ಮದಡಿ ಕೂರಿಸಿದ ಪುಟ್ಟ ಸಾಧನ) ಇದೆಯೇ, ಮತ್ತು ರಾತ್ರಿಯೂ ಎತ್ತುವ ಫೋನ್ ನಂಬರ್ ಇರಬೇಕು. ಅದರ ನಾಲ್ಕು ಜೆರಾಕ್ಸ್ ಮಾಡಿಸಿ. ಒಂದನ್ನು ಮೊದಲೇ ಜಿಲ್ಲಾಸ್ಪತ್ರೆಗೋ ನಿಮ್ಮ ತಾಲ್ಲೂಕು ಆಸ್ಪತ್ರೆಗೋ ಒಯ್ದು ಮಕ್ಕಳ ಡಾಕ್ಟರ ಕೈಗೆ ಕೊಡಿ, ಚೀಟಿಯಲ್ಲಿರುವ ಔಷಧಿ ಅಲ್ಲಿ ಸಿಗುತ್ತದೆಯೇ ಎಂದು ಕೇಳಿ. ನಡುರಾತ್ರಿ ಡ್ಯೂಟಿಯಲ್ಲಿರುವವರಿಗೆ ಕೀಮೋ ಮಗು ಎಂದರೆ ಗಾಬರಿಯಾಗುವುದುಂಟು. ಚೀಟಿ ಕೈಯಲ್ಲಿದ್ದರೆ ಅವರು ತಡಮಾಡುವುದಿಲ್ಲ.

ಜ್ವರ

ಡಿಜಿಟಲ್ ಥರ್ಮಾಮೀಟರ್ ಎರಡು ಇಟ್ಟುಕೊಳ್ಳಿ, ಬ್ಯಾಟರಿ ಹೋದದ್ದು ಗೊತ್ತಾಗುವುದು ಬೇಕಾದ ರಾತ್ರಿಯೇ. ಕಂಕುಳ ಬೆವರು ಒರೆಸಿ, ತುದಿ ಚರ್ಮಕ್ಕೆ ತಾಗುವಂತೆ ಇಟ್ಟು, ಕೈಯನ್ನು ಎದೆಗೆ ಒತ್ತಿ ಹಿಡಿದು, ಬೀಪ್ ಆಗುವ ತನಕ ಕಾಯಿರಿ. ಬಿಸಿ ಹಾಲು ಕುಡಿದ ಕೂಡಲೇ ಬಾಯಿಗೆ ಇಡಬೇಡಿ. ಗುದದ್ವಾರಕ್ಕೆ ಯಾವತ್ತೂ ಇಡಬೇಡಿ, ಅಲ್ಲಿ ಸಣ್ಣ ಗೀರಾದರೂ ಸೋಂಕು ನೇರ ರಕ್ತಕ್ಕೆ ಇಳಿಯುತ್ತದೆ. ದಿನವೂ ಹತ್ತು ಸಲ ನೋಡಿ ಮಗುವನ್ನು ಪೀಡಿಸುವುದೂ ಬೇಡ. ಮೈ ಬೆಚ್ಚಗಿದೆ ಅನ್ನಿಸಿದಾಗ, ಮಗು ಮಂಕಾದಾಗ, ಚಳಿ ಎಂದಾಗ ನೋಡಿ.

100.4 ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಕಂಡರೆ ಆಗಲೇ ವಾರ್ಡಿಗೆ ಫೋನ್ ಮಾಡಿ. ಕಂಕುಳಲ್ಲಿ 99.5ರಿಂದ 100.3ರ ನಡುವೆ ಇದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಕಂಕುಳ ಉಷ್ಣತೆ ಬಾಯಿಯದಕ್ಕಿಂತ ಕಡಿಮೆ ತೋರಿಸುವುದರಿಂದ ಇದನ್ನು ಹಗುರವಾಗಿ ಬಿಡುವಂತಿಲ್ಲ. ಕೆಲವು ವಾರ್ಡುಗಳು 101ಕ್ಕೆ ಬನ್ನಿ ಎನ್ನುತ್ತವೆ. ನಿಮ್ಮ ವಾರ್ಡಿನ ಅಂಕಿ ಯಾವುದು ಎಂದು ಕೇಳಿ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ಫೋನ್ ಮಾಡುವ ಮೊದಲು ಪ್ಯಾರಾಸಿಟಮಾಲ್ ಕೊಡಬೇಡಿ. ಎಲ್ಲ ಮನೆಯಲ್ಲೂ ಆಗುವ ತಪ್ಪು ಇದೇ. ಸಿರಪ್ ಕೊಟ್ಟರೆ ಜ್ವರ ಇಳಿಯುತ್ತದೆ, ಮಗು ನಗುತ್ತದೆ, ಬೆಳಗಾಗಲಿ ನೋಡೋಣ ಎನ್ನಿಸುತ್ತದೆ. ಆದರೆ ಒಳಗಿನ ಸೋಂಕು ನಿಂತಿರುವುದಿಲ್ಲ. ಐಬುಪ್ರೊಫೆನ್, ಆಸ್ಪಿರಿನ್ ಅಂತೂ ಮನೆಯಲ್ಲೇ ಬೇಡ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಣಗಳು ಕಡಿಮೆ ಇರುವಾಗ ಅವು ರಕ್ತಸ್ರಾವ ಹೆಚ್ಚಿಸುತ್ತವೆ.

ಜ್ವರ ಬಂದ ಮಗುವನ್ನು ಮೊದಲ ಡೋಸ್ ಕೊಡಿಸದೆ ನೇರ ಬೆಂಗಳೂರಿಗೆ ಹೊರಡಿಸಬೇಡಿ. ಐದಾರು ಗಂಟೆಯ ದಾರಿ ಅದು. ಹತ್ತಿರದ ಆಸ್ಪತ್ರೆಯಲ್ಲಿ ಯಾವ ರೋಗಾಣು ಎಂದು ತಿಳಿಯುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು, ಬಾಗಿಲು ದಾಟಿದ ಒಂದು ಗಂಟೆಯೊಳಗೆ ಮೊದಲ ಆ್ಯಂಟಿಬಯೋಟಿಕ್ ಹೋಗಬೇಕು. ಕಲ್ಚರ್ ಸೌಲಭ್ಯ ಇಲ್ಲವೆಂದರೆ ಅದಕ್ಕಾಗಿ ಔಷಧಿ ತಡೆಯಬಾರದು. ಆಮೇಲೆ ವಾರ್ಡಿನವರು ಹೇಳಿದ ಹಾಗೆ 108ರಲ್ಲೋ ನಿಮ್ಮ ಗಾಡಿಯಲ್ಲೋ ಮುಂದಕ್ಕೆ ಹೋಗಿ. ಮಾಮೂಲಿ ಕ್ಲಿನಿಕ್ಕಿಗೆ ಹೋಗಿ "ಒಂದು ಇಂಜೆಕ್ಷನ್ ಹಾಕಿಬಿಡಿ" ಎನ್ನುವ ರೂಢಿ ನಮ್ಮಲ್ಲಿದೆ. ಈ ಮಗುವಿಗೆ ಸೊಂಟಕ್ಕೋ ತೋಳಿಗೋ ಚುಚ್ಚಿಸಬೇಡಿ. ಪ್ಲೇಟ್ಲೆಟ್ ಇಳಿದಿದ್ದರೆ ಮಾಂಸದೊಳಗೆ ರಕ್ತ ಕಟ್ಟಿಕೊಳ್ಳುತ್ತದೆ.

ಇನ್ನೊಂದು ಎಚ್ಚರ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವ ಮಗುವಿಗೆ ಸೋಂಕಿದ್ದರೂ ಜ್ವರ ಏರದೆ ಇರಬಹುದು. ನಡುಕ, ತಣ್ಣಗಾದ ಕೈಕಾಲು, ಮಂಪರು, ಏದುಸಿರು, ಗಂಟೆಗಟ್ಟಲೆ ಮೂತ್ರವೇ ಆಗದಿರುವುದು, ಇವುಗಳಲ್ಲಿ ಒಂದಿದ್ದರೂ ಥರ್ಮಾಮೀಟರ್ ಏನೇ ತೋರಿಸಲಿ, ಜ್ವರ ಬಂದಂತೆಯೇ ಹೊರಡಿ.

ರಕ್ತದ ರಿಪೋರ್ಟ್ ಓದುವುದು

ಊರಿನ ಲ್ಯಾಬಿನಲ್ಲಿ ವಾರಕ್ಕೊಮ್ಮೆ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮಾಡಿಸಿ ವಾಟ್ಸಾಪಿನಲ್ಲಿ ಕಳಿಸಿ ಎನ್ನುತ್ತಾರೆ. ಒಟ್ಟು ಬಿಳಿ ರಕ್ತಕಣದ ಅಂಕಿ ಒಂದನ್ನೇ ನೋಡಿ ನೆಮ್ಮದಿಪಡಬೇಡಿ. ಸೋಂಕು ತಡೆಯುವ ಮುಖ್ಯ ಸೈನ್ಯ ನ್ಯೂಟ್ರೋಫಿಲ್. ಒಟ್ಟು ಸಂಖ್ಯೆಯನ್ನು ನ್ಯೂಟ್ರೋಫಿಲ್ ಶೇಕಡಾವಾರಿನಿಂದ ಗುಣಿಸಿ 100ರಿಂದ ಭಾಗಿಸಿ. ಒಟ್ಟು 1,800, ನ್ಯೂಟ್ರೋಫಿಲ್ ಶೇಕಡಾ 22 ಎಂದಿದ್ದರೆ 1,800 × 22 ÷ 100, ಅಂದರೆ 396. ಮುಂದಿನ ವಾರ ಒಟ್ಟು 3,000ಕ್ಕೆ ಏರಿ ನ್ಯೂಟ್ರೋಫಿಲ್ ಶೇಕಡಾ 10 ಆಗಿದ್ದರೆ ಸಿಗುವುದು 300. ನೋಡುವುದಕ್ಕೆ ಅಂಕಿ ಏರಿದೆ, ಮಗುವಿನ ರಕ್ಷಣೆ ಇಳಿದಿದೆ. 500ಕ್ಕಿಂತ ಕೆಳಗೆ ಇರುವಷ್ಟು ದಿನ ಅತಿ ಎಚ್ಚರ. 1,000 ದಾಟಿದರೆ ಸ್ವಲ್ಪ ಉಸಿರಾಡಬಹುದು.

ಪ್ಲೇಟ್ಲೆಟ್ 20,000ಕ್ಕಿಂತ ಇಳಿದರೆ ತಾನಾಗಿಯೇ ರಕ್ತ ಒಸರುವ ಅಪಾಯವಿದೆ. ಕಾಲಿನ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆ, ಕಾರಣವಿಲ್ಲದ ನೀಲಿಗಟ್ಟುವಿಕೆ, ಡಾಂಬರಿನಂತೆ ಕಪ್ಪು ಮಲ, ಎಲ್ಲಕ್ಕಿಂತ ಹೆಚ್ಚಾಗಿ ಜೋರು ತಲೆನೋವು ಮತ್ತು ವಾಂತಿ ಕಂಡರೆ ಕೂಡಲೇ ಫೋನ್. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ವಾಲಿಸಬೇಡಿ, ಮುಂದಕ್ಕೆ ಬಗ್ಗಿಸಿ ಮೂಗಿನ ಮೆತ್ತನೆ ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಿದರೆ ಹೆಪ್ಪುಗಟ್ಟಿದ್ದು ಬಿಟ್ಟುಹೋಗುತ್ತದೆ. ನಮ್ಮಲ್ಲಿ ಜಿಗಣೆಯೂ ಒಂದು ತೊಂದರೆ. ಆರೋಗ್ಯವಂತರಲ್ಲೇ ಜಿಗಣೆ ಕಚ್ಚಿದ ಜಾಗ ಗಂಟೆಗಟ್ಟಲೆ ಒಸರುತ್ತದೆ, ಪ್ಲೇಟ್ಲೆಟ್ ಇಲ್ಲದ ಮಗುವಿನಲ್ಲಿ ನಿಲ್ಲುವುದೇ ಕಷ್ಟ. ಮಳೆಗಾಲದಲ್ಲಿ ಅಂಗಳ ದಾಟಿ ತೋಟಕ್ಕೆ ಇಳಿಸಬೇಡಿ. ಕಚ್ಚಿಬಿಟ್ಟರೆ ಶುದ್ಧ ಬಟ್ಟೆ ಮಡಿಸಿ 10 ನಿಮಿಷ ಒತ್ತಿ ಹಿಡಿಯಿರಿ. ಹೊಗೆಸೊಪ್ಪು, ಸುಣ್ಣ, ಕಾಫಿಪುಡಿ ಯಾವುದನ್ನೂ ಗಾಯಕ್ಕೆ ಮೆತ್ತಬೇಡಿ.

ಮಾತ್ರೆ

ಮನೆಯಲ್ಲಿ ಮಾತ್ರೆ ಕೊಡುವ ಜವಾಬ್ದಾರಿ ಒಬ್ಬರದ್ದೇ ಇರಲಿ, ಅವರಿಲ್ಲದ ದಿನ ಯಾರು ಎಂಬುದೂ ಮೊದಲೇ ತೀರ್ಮಾನವಾಗಿರಲಿ. "ನೀನು ಕೊಟ್ಟಿದ್ದೀಯ ಅಂದುಕೊಂಡೆ" ಎಂಬ ಮಾತಿನಿಂದ ಒಂದೋ ಡೋಸ್ ತಪ್ಪುತ್ತದೆ, ಇಲ್ಲವೇ ಎರಡು ಸಲ ಬೀಳುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ಮಾತ್ರೆ ನುಂಗಿದ ಮೇಲೆ ಮಾತ್ರ ಗುರುತು ಹಾಕಿ, ಮೊದಲೇ ಅಲ್ಲ.

ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ಅದನ್ನು ದಿನವೂ ಕೊಟ್ಟರೆ ಬಾಯಿ ತುಂಬ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಮುಳುವಾಗುತ್ತದೆ. ವಾರದ ಯಾವ ದಿನ ಎಂದು ನಿಗದಿಮಾಡಿ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆಲ್ಲ ಕೆಂಪು ಸುತ್ತು ಹಾಕಿ, ಮಾತ್ರೆಯ ಸ್ಟ್ರಿಪ್ಪನ್ನು ಬೇರೆ ಡಬ್ಬಿಯಲ್ಲಿಟ್ಟು ಮುಚ್ಚಳದ ಮೇಲೆ "ಶುಕ್ರವಾರ ಮಾತ್ರ" ಎಂಬಂತೆ ಬರೆಯಿರಿ. ಇದು 2.5 ಮಿಲಿಗ್ರಾಂನಲ್ಲೂ 10 ಮಿಲಿಗ್ರಾಂನಲ್ಲೂ ಬರುತ್ತದೆ. ಮೆಡಿಕಲ್ ಶಾಪಿನಿಂದ ತಂದ ಪ್ರತಿ ಸಲ ಸ್ಟ್ರಿಪ್ಪಿನ ಅಂಕಿಯನ್ನು ಹಳೆಯದರ ಪಕ್ಕ ಇಟ್ಟು ಹೋಲಿಸಿ.

6-ಎಂಪಿ ಎಂದು ಕರೆಯುವ ಮರ್ಕ್ಯಾಪ್ಟೊಪ್ಯೂರಿನ್ ದಿನವೂ, ಒಂದೇ ಹೊತ್ತಿಗೆ. ಮಗು ಚೆನ್ನಾಗಿ ಓಡಾಡುತ್ತಿರುವ ತಿಂಗಳುಗಳಲ್ಲೇ ಈ ಮಾತ್ರೆ ತಪ್ಪುವುದು. ಕಾಯಿಲೆ ಹೋಯಿತಲ್ಲ ಎಂಬ ಸಮಾಧಾನದಲ್ಲಿ, ಮದುವೆ ಮನೆಯ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ನೂರಕ್ಕೆ ಐದಕ್ಕಿಂತ ಹೆಚ್ಚು ಡೋಸ್ ತಪ್ಪಿದ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಕಂಡುಬಂದಿದೆ. ಲೆಕ್ಕ ಹಾಕಿದರೆ ತಿಂಗಳಿಗೆ ಎರಡು ರಾತ್ರಿ ಮರೆತರೆ ಅಷ್ಟಾಯಿತು. ತಪ್ಪಿದ್ದನ್ನು ಮರುದಿನ ಎರಡು ಕೊಟ್ಟು ಸರಿದೂಗಿಸಬೇಡಿ. ನುಂಗಿದ ಮೇಲೆ ವಾಂತಿಯಾದರೂ ನೀವಾಗಿ ಮತ್ತೊಂದು ಕೊಡಬೇಡಿ, ಫೋನ್ ಮಾಡಿ ಕೇಳಿ. ಪಿಸಿಪಿ ಎಂಬ ಶ್ವಾಸಕೋಶದ ಸೋಂಕು ಬರದಂತೆ ವಾರಕ್ಕೆ ಎರಡು ಮೂರು ದಿನ ಕೊಡುವ ಕೋಟ್ರೈಮಾಕ್ಸಜೋಲ್ ಕೂಡ ಅಷ್ಟೇ ಮುಖ್ಯ.

ಕೀಮೋ ಮಾತ್ರೆಯನ್ನು ಅರ್ಧ ಕೊಡಬೇಕಿದ್ದರೆ ಕೈಗೆ ಗ್ಲೌಸ್ ಹಾಕಿ, ಮಾತ್ರೆ ಕತ್ತರಿಸುವ ಪುಟ್ಟ ಸಾಧನದಲ್ಲೇ ಮುರಿಯಿರಿ. ಅಡುಗೆಮನೆಯ ಚಾಕುವಿನಲ್ಲಿ ಬೇಡ. ಪುಡಿ ಮಾಡಿ ಗಾಳಿಗೆ ಹಾರಿಸಬೇಡಿ. ಬಸುರಿಯರು, ಮೊಲೆಹಾಲು ಕೊಡುವವರು ಈ ಮಾತ್ರೆ ಮುಟ್ಟುವುದೇ ಬೇಡ. ಕೀಮೋ ಆದ ಮೇಲೆ 48 ಗಂಟೆ ಮಗುವಿನ ಮೂತ್ರ, ವಾಂತಿ, ಮಲದಲ್ಲಿ ಔಷಧಿ ಇರುತ್ತದೆ. ಅದನ್ನು ತೆಗೆಯುವಾಗ ಗ್ಲೌಸ್ ಹಾಕಿ, ಬಟ್ಟೆ ಬೇರೆ ಒಗೆಯಿರಿ, ಕಕ್ಕಸಿಗೆ ಎರಡು ಸಲ ನೀರು ಹುಯ್ಯಿರಿ. ಡಾಕ್ಸೊರುಬಿಸಿನ್, ಡೌನೊರುಬಿಸಿನ್ ಕೊಟ್ಟ ಒಂದೆರಡು ದಿನ ಮೂತ್ರ ಕೆಂಪಾಗುವುದು ಔಷಧಿಯ ಬಣ್ಣದಿಂದ, ಗಾಬರಿ ಬೇಡ. ಆಮೇಲೂ ಕೆಂಪಿದ್ದರೆ ತಿಳಿಸಿ.

ಆಷಾಢದ ತೇವಕ್ಕೆ ಮಾತ್ರೆ ಬೇಗ ಹಾಳಾಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ತೇವ ಹೋಗಿ ಬಿಸಿ ಹೊಡೆಯುತ್ತದೆ, ಅದೂ ಆಗದು. ಸ್ಟ್ರಿಪ್ಪಿನಿಂದ ಬಿಡಿಸದೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಮಲಗುವ ಕೋಣೆಯ ಬೀರುವಿನಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಿ.

ಬಾಯಿ, ಹೊಟ್ಟೆ, ಕಾಲು

ಬಾಯಿಹುಣ್ಣು ಬಂದ ಮೇಲೆ ಓಡಾಡುವುದಕ್ಕಿಂತ ಬರದ ಹಾಗೆ ನೋಡಿಕೊಳ್ಳುವುದು ಸುಲಭ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರು ಒಂದು ಲೋಟ, ಅಂದರೆ ಸುಮಾರು 240 ಮಿಲಿ. ಅದಕ್ಕೆ ಅಡುಗೆ ಸೋಡಾ ಕಾಲು ಟೀ ಚಮಚ, ಉಪ್ಪು ಅದರ ಅರ್ಧ. ಕದಡಿ, ಒಂದು ಗುಟುಕು ಬಾಯಿಗೆ ಹಾಕಿಸಿ ಎರಡೂ ಕೆನ್ನೆಗೆ ತಾಗುವಂತೆ ಅರ್ಧ ನಿಮಿಷ ಮುಕ್ಕಳಿಸಿ ಉಗುಳಿಸಿ. ಪ್ರತಿ ಊಟವಾದ ಮೇಲೆ, ಮಲಗುವ ಮೊದಲು, ದಿನಕ್ಕೆ ನಾಲ್ಕರಿಂದ ಆರು ಸಲ. ಮರುದಿನ ಹೊಸದಾಗಿ ಮಾಡಿ. ಉಪ್ಪು ಹೆಚ್ಚು ಹಾಕಿದರೆ ಉರಿಯುತ್ತದೆ, ಮಗು ಮಾರನೆಯ ಸಲ ಬಾಯಿ ತೆರೆಯುವುದಿಲ್ಲ. ಮುಕ್ಕಳಿಸಲು ಬಾರದ ಕೂಸಿಗೆ ಬೆರಳಿಗೆ ಶುದ್ಧ ಗಾಜ್ ಬಟ್ಟೆ ಸುತ್ತಿ ಇದೇ ನೀರಿನಲ್ಲಿ ಅದ್ದಿ ಒರೆಸಿ. ಬ್ರಷ್ ಅತಿ ಮೆತ್ತನೆಯದಿರಲಿ. ಇದ್ದಿಲು, ಬೇವಿನಕಡ್ಡಿ ಈಗ ಬೇಡ. ಹುಣ್ಣಿರುವಾಗ ಕಾಚಂಪುಳಿ, ನಿಂಬೆಹುಳಿ, ಮೆಣಸಿನ ಸಾರು ನಿಲ್ಲಿಸಿ, ತಣ್ಣಗಾದ ರಾಗಿ ಗಂಜಿ, ಮೆತ್ತಗೆ ಬೇಯಿಸಿದ ಅನ್ನ ತುಪ್ಪ, ಕಿವುಚಿದ ಬಾಳೆಹಣ್ಣು ಕೊಡಿ. ನಾಲಿಗೆ ಮೇಲೆ ಮೊಸರು ಹೆಪ್ಪಿನಂಥ ಬಿಳಿ ಪದರ ಕಂಡರೆ ಅದು ಫಂಗಸ್. ಔಷಧಿ ಬೇಕು.

ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ಕೊಟ್ಟ ವಾರಗಳಲ್ಲಿ ಮಲಬದ್ಧತೆ ಬಹುತೇಕ ಖಚಿತ. ಎರಡು ದಿನ ಆಗದಿದ್ದರೆ ತಿಳಿಸಿ, ಮೂರನೆಯ ದಿನಕ್ಕೆ ಕಾಯಬೇಡಿ. ಎನಿಮಾ, ಸಪೋಸಿಟರಿ, ವೀಳ್ಯದ ತೊಟ್ಟಿಗೆ ಎಣ್ಣೆ ಹಚ್ಚಿ ಇಡುವುದು, ಸೋಪಿನ ತುಂಡು, ಯಾವುದೂ ಬೇಡ. ದವಡೆ ನೋವೂ ಇದೇ ಔಷಧಿಯಿಂದ ಬರುತ್ತದೆ, ಹಲ್ಲುನೋವೆಂದು ತಿಳಿದು ಹಲ್ಲಿನ ಡಾಕ್ಟರ ಬಳಿ ಒಯ್ಯಬೇಡಿ. ಮಗು ನಡೆಯುವಾಗ ಕಾಲಿಂದ ಚಪ್ಪಲಿ ಜಾರುತ್ತಿದೆಯೇ, ಹೊಸ್ತಿಲಿಗೆ ಬೆರಳು ತಾಗಿ ಎಡವುತ್ತಿದೆಯೇ ಎಂದು ಗಮನಿಸಿ. ಪಾದ ಎತ್ತುವ ನರ ಸೋತಿದೆ ಎಂಬುದಕ್ಕೆ ಅದು ಗುರುತು. ಬೇಗ ಹೇಳಿದರೆ ಔಷಧಿಯ ಪ್ರಮಾಣ ಬದಲಿಸಿ, ಫಿಸಿಯೊಥೆರಪಿ ಶುರುಮಾಡುತ್ತಾರೆ.

ಸ್ಟಿರಾಯ್ಡ್ ವಾರಗಳಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಅನ್ನ ಕೇಳುತ್ತದೆ, ಸಣ್ಣದಕ್ಕೂ ಅಳುತ್ತದೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತದೆ. ಮಗು ಹಟಮಾರಿಯಾಗಿಲ್ಲ, ಔಷಧಿ ಹಾಗೆ ಮಾಡಿಸುತ್ತದೆ. ಗದರಬೇಡಿ. ಬೇಯಿಸಿದ ಮೊಟ್ಟೆ, ಬಿಸಿ ಒಟ್ಟಿ (ಅಕ್ಕಿ ರೊಟ್ಟಿ) ಮಾಡಲು ಹಿಟ್ಟು ತಯಾರಿಟ್ಟುಕೊಳ್ಳಿ. ಚಿಪ್ಸ್, ಉಪ್ಪಿನಕಾಯಿ, ಸಕ್ಕರೆ ಕೈಗೆಟುಕದಿರಲಿ, ಬಿಪಿಯೂ ಸಕ್ಕರೆಯೂ ಏರುತ್ತವೆ. ಮಗು ವಿಪರೀತ ನೀರು ಕುಡಿದು ಪದೇ ಪದೇ ಮೂತ್ರ ಮಾಡಿದರೆ ರಕ್ತದ ಸಕ್ಕರೆ ನೋಡಿಸಿ. ಮುಖ ಊದಿತೆಂದು ಸ್ಟಿರಾಯ್ಡನ್ನು ನೀವಾಗಿ ನಿಲ್ಲಿಸಬೇಡಿ. ಹಠಾತ್ತಾಗಿ ನಿಂತರೆ ಅದು ಜೀವಕ್ಕೇ ಅಪಾಯ.

ಅಡುಗೆ ಮತ್ತು ನೀರು

ಬೆಟ್ಟದಿಂದ ಪೈಪಿನಲ್ಲಿ ಬರುವ ನೀರು, ಬಾವಿನೀರು ಎಷ್ಟೇ ತಿಳಿಯಾಗಿದ್ದರೂ ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿ, ಮುಚ್ಚಿ ಆರಿಸಿ, ಅದೇ ದಿನ ಮುಗಿಸಿ. ಹಲ್ಲುಜ್ಜಲೂ ಅದೇ ನೀರು.

ಆಗಷ್ಟೇ ಆವಿಯಲ್ಲಿ ಬೇಯಿಸಿದ ಕಡಂಬುಟ್ಟು, ನೂಪುಟ್ಟು, ಕಾವಲಿಯಿಂದ ಇಳಿದ ಅಕ್ಕಿ ಒಟ್ಟಿ ಈ ಮಗುವಿಗೆ ಹೇಳಿ ಮಾಡಿಸಿದ ಊಟ. ಮಾಡಿದ್ದನ್ನು ಎರಡು ಗಂಟೆಯೊಳಗೆ ತಿನ್ನಿಸಿ. ಹಿಂದಿನ ದಿನದ ಅನ್ನ ಬಿಸಿಮಾಡಿ ಕೊಡಬೇಡಿ, ಅದರಲ್ಲಿ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾದ ವಿಷ ಬಿಸಿಗೆ ಹೋಗುವುದಿಲ್ಲ. ಮಾಂಸ ತಿನ್ನುವ ಮನೆಯಲ್ಲಿ ಪಂದಿಕರಿ ಪೂರ್ತಿ ನಿಲ್ಲಿಸಬೇಕಿಲ್ಲ. ಒಳಗೆ ಕೆಂಪು ಉಳಿಯದಂತೆ ಬೇಯಿಸಿ, ಅದೇ ಹೊತ್ತು ಬಿಸಿಬಿಸಿ ಕೊಡಿ, ಖಾರ ಇಳಿಸಿ. ಮೂರು ದಿನ ಒಲೆ ಮೇಲಿಟ್ಟು ಬಿಸಿಮಾಡುತ್ತ ತಿನ್ನುವ ಪದ್ಧತಿ, ಹಂದಿ ಉಪ್ಪಿನಕಾಯಿ, ಒಣಮೀನು ಈಗ ಬೇಡ. ತೋಟದ ಅಣಬೆ, ದಿನಗಟ್ಟಲೆ ನೆನೆಹಾಕಿದ ಕಣಿಲೆ, ಹುಟ್ಟಿನಿಂದ ಇಳಿಸಿದ ಹಸಿ ಜೇನು ಬಿಡಿ. ಕೊಡಗಿನ ಕಿತ್ತಳೆ, ಬಾಳೆಹಣ್ಣು ಒಳ್ಳೆಯದು, ಏಕೆಂದರೆ ಸಿಪ್ಪೆ ದಪ್ಪ. ಆದರೂ ಸುಲಿಯುವ ಮೊದಲು ಹಣ್ಣನ್ನೂ ಕೈಯನ್ನೂ ತೊಳೆಯಿರಿ. ಹಿತ್ತಲಿನ ಚಕ್ಕೋತ ಮಾತ್ರ ಬೇಡ, ಅದರ ರಸ ಕೆಲವು ಔಷಧಿಗಳು ಮೈಯಿಂದ ಹೊರಹೋಗುವುದನ್ನು ತಡೆದು ರಕ್ತದಲ್ಲಿ ಅವುಗಳ ಪ್ರಮಾಣ ಏರಿಸುತ್ತದೆ. ಮೊಸರಿನ ಬಗ್ಗೆ ಒಂದೊಂದು ವಾರ್ಡು ಒಂದೊಂದು ಹೇಳುತ್ತದೆ, ನಿಮ್ಮವರನ್ನೇ ಕೇಳಿ.

ಕಕ್ಕಡ 18ರ ಮದ್ದು ಪಾಯಸದ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. ಆಗಸ್ಟ್ 3ರ ಹೊತ್ತಿಗೆ ಬರುವ ಆ ದಿನ ಮದ್ದುಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಎಂಬ ನಂಬಿಕೆ ನಮ್ಮದು. ಕಾಯಿಲೆಯ ಮಗುವಿಗೆ ಮೊದಲು ಕೊಡಬೇಕು ಎಂದೇ ಅಜ್ಜಿಯರಿಗೆ ಅನ್ನಿಸುತ್ತದೆ. ಕೀಮೋ ನಡೆಯುವಷ್ಟು ಕಾಲ ಕೊಡಬೇಡಿ. ಸೊಪ್ಪಿನ ಸತ್ವ ಕೀಮೋ ಔಷಧಿಯ ಜತೆ, ದಣಿದ ಯಕೃತ್ತಿನಲ್ಲಿ ಹೇಗೆ ವರ್ತಿಸುತ್ತದೆಂದು ಅಂದಾಜು ಮಾಡಲಾಗದು. ಜತೆಗೆ ಅದನ್ನು ತಿಂದವರ ಮೂತ್ರ ಕೆಂಪಾಗುತ್ತದೆ. ಕೀಮೋ ಮಗುವಿನಲ್ಲಿ ಕೆಂಪು ಮೂತ್ರ ಎಂದರೆ ರಕ್ತವೋ, ಔಷಧಿಯ ಬಣ್ಣವೋ, ಪಾಯಸವೋ ಎಂದು ತಿಳಿಯದೆ ವಾರ್ಡಿನವರೂ ನೀವೂ ಕಂಗಾಲಾಗುತ್ತೀರಿ. ಮಗುವಿಗೆ ಬೇಸರವಾಗದಂತೆ ಬೆಲ್ಲ, ಕಾಯಿಹಾಲು, ಅಕ್ಕಿ ಹಾಕಿ ಸೊಪ್ಪಿಲ್ಲದ ಪಾಯಸ ಮಾಡಿ. ತುಲಾಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥವನ್ನೂ ಕುಡಿಸುವ ಬದಲು ನೆತ್ತಿಗೆ ಒಂದು ಹನಿ ಪ್ರೋಕ್ಷಿಸಿ. ಲೈನ್ ಇರುವ ಕೈಗೆ ತಾಗದಿರಲಿ. ನಾಟಿ ಮದ್ದು, ಭಸ್ಮ, ಕಷಾಯ ಯಾವುದನ್ನೇ ಕೊಟ್ಟಿದ್ದರೂ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ಮನೆ ಮತ್ತು ಜನ

ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹತ್ತದ ಕೋಣೆಯನ್ನೇ ಮಗುವಿಗೆ ಆರಿಸಿ. ಬೂಷ್ಟಿನ ಕಣ ಶ್ವಾಸಕೋಶಕ್ಕೆ ಇಳಿದರೆ ಈ ಮಕ್ಕಳಲ್ಲಿ ಗುಣಪಡಿಸಲು ಕಷ್ಟವಾದ ಫಂಗಸ್ ಸೋಂಕಾಗುತ್ತದೆ. ಕೆರೆದು ಸುಣ್ಣ ಬಳಿಯುವುದಿದ್ದರೆ ಮಗು ಬರುವ ವಾರ ಮೊದಲೇ ಮುಗಿಸಿ. ಸೌದೆ ರಾಶಿ, ಗೊಬ್ಬರದ ಗುಂಡಿ, ದನದ ಕೊಟ್ಟಿಗೆ, ಕೋಳಿಗೂಡು, ಕಾಫಿ ಸಿಪ್ಪೆಯ ರಾಶಿಯ ಹತ್ತಿರ ಬಿಡಬೇಡಿ. ಕಣದಲ್ಲಿ ಕಾಫಿ ಒಣಗಿಸುವಾಗ, ಕರಿಮೆಣಸು ಬಿಡಿಸುವಾಗ ಏಳುವ ದೂಳಿಗೂ ಅಷ್ಟೇ. ತೋಟಕ್ಕೆ ಔಷಧಿ ಹೊಡೆಯುವ ದಿನ ಕಿಟಕಿ ಮುಚ್ಚಿ ಒಳಗೇ ಇರಿಸಿ. ಮನೆ ನಾಯಿಯನ್ನು ಎಲ್ಲೋ ಕಳಿಸಬೇಕಿಲ್ಲ, ಮುಖ ನೆಕ್ಕಿಸಬೇಡಿ, ಮುಟ್ಟಿದ ಮೇಲೆ ಕೈ ತೊಳೆಸಿ.

ಪಿಕ್ ಲೈನಿನ ಡ್ರೆಸಿಂಗ್ ಒದ್ದೆಯಾದರೆ, ಅಂಚು ಬಿಟ್ಟರೆ ವಾರ ತುಂಬಲು ಕಾಯದೆ ಅದೇ ದಿನ ಕಲಿತ ನರ್ಸ್‌ ಕೈಯಲ್ಲಿ ಬದಲಿಸಿ. ಲೈನ್ ಫ್ಲಶ್ ಮಾಡಿದ (ದ್ರವ ಹಾಯಿಸಿ ತೊಳೆದ) ಒಂದು ಗಂಟೆಯೊಳಗೆ ನಡುಕ ಬಂದರೆ ಲೈನಿನಲ್ಲೇ ಸೋಂಕಿದೆ ಎಂದು ತಿಳಿದು ಹೊರಡಿ. ಲೈನ್ ತುಂಡಾದರೆ ತುಂಡಾದ ಜಾಗಕ್ಕಿಂತ ಮೈಯ ಕಡೆಗೆ ಮಡಿಸಿ ಬಿಗಿಯಾಗಿ ಹಿಡಿದು ಆಸ್ಪತ್ರೆಗೆ ಹೋಗಿ.

ನೋಡಲು ಬರುವವರನ್ನು ತಡೆಯುವುದು ನಮ್ಮ ಮನೆಗಳಲ್ಲಿ ಬಹಳ ಕಷ್ಟದ ಕೆಲಸ. ಅದನ್ನು ಅಪ್ಪ ಅಮ್ಮನ ತಲೆಗೆ ಕಟ್ಟಬೇಡಿ. ಚಿಕ್ಕಪ್ಪನೋ ದೊಡ್ಡಪ್ಪನೋ ಜಗಲಿಯಲ್ಲಿ ಕೂತು, ಕಾಫಿ ಕೊಟ್ಟು, "ಮಗು ಒಳಗಿದೆ, ಕಿಟಕಿಯಿಂದ ಕೈಬೀಸಿ" ಎಂದು ಹೇಳಿ ಕಳಿಸಲಿ. ಪುತ್ತರಿಯ ಜಂಗುಳಿ, ಮದುವೆ ಮಂಟಪ, ಸಂತೆ ನ್ಯೂಟ್ರೋಫಿಲ್ ಕೌಂಟ್ ಏರುವ ತನಕ ಬೇಡ. ಕದಿರು ತಂದ ಮೇಲೆ ಒಂದು ತೆನೆಯನ್ನು ಮಗುವಿನ ಕೋಣೆಯ ಬಾಗಿಲಿಗೆ ಕಟ್ಟಿದರೆ ಹಬ್ಬ ಅಲ್ಲಿಗೂ ಬಂದ ಹಾಗೆ.

ಯಾವುದೇ ಮಗುವಿಗೆ "ಅಮ್ಮ" ಬಂದಿದೆ, ಅಂದರೆ ಸೀತಾಳೆ ಸಿಡುಬು ಎದ್ದಿದೆ ಎಂದು ಆಮೇಲೆ ಗೊತ್ತಾಗಿ, ಅದರ ಜತೆ ನಿಮ್ಮ ಮಗು ಒಂದೇ ಕೋಣೆಯಲ್ಲಿ ಆಡಿದ್ದರೆ ಅದೇ ದಿನ ಫೋನ್ ಮಾಡಿ. ಗುಳ್ಳೆ ಏಳುವ ಮೊದಲೇ ಕೊಡಬೇಕಾದ ಔಷಧಿ ಇದೆ, ದಿನ ಕಳೆದಷ್ಟೂ ಅದರ ಉಪಯೋಗ ಕಡಿಮೆ. ದೇವಿಗೆ ಹರಕೆ ಹೊತ್ತರೂ ಫೋನ್ ಮಾಡುವುದನ್ನು ಮುಂದೂಡಬೇಡಿ. ಚಿಕಿತ್ಸೆ ನಡೆಯುವಾಗ ಮಗುವಿಗೆ ಜೀವಂತ ವೈರಸ್ಸಿನ ಲಸಿಕೆ ಕೊಡಿಸಬಾರದು. ಮನೆಯ ಬೇರೆ ಮಕ್ಕಳಿಗೂ ಬಾಯಿಗೆ ಹಾಕುವ ಪೋಲಿಯೊ ಹನಿ ಬೇಡ, ಬದಲಿಗೆ ಇಂಜೆಕ್ಷನ್ ಕೊಡಿಸಿ. ಪಲ್ಸ್ ಪೋಲಿಯೊ ಭಾನುವಾರಕ್ಕೆ ಮೊದಲೇ ಆಶಾ ಕಾರ್ಯಕರ್ತೆಗೆ ಕಾರಣ ತಿಳಿಸಿ.

ಅಣ್ಣ ತಂಗಿಯರನ್ನು ಅತ್ತೆ ಮನೆಗೆ ಕಳಿಸಿ ಮರೆಯಬೇಡಿ. ಕ್ಯಾನ್ಸರ್ ಅಂಟುವುದಿಲ್ಲ, ಜಗಳವಾಡಿದ್ದಕ್ಕೆ ಬಂದದ್ದೂ ಅಲ್ಲ ಎಂದು ಬಾಯಿಬಿಟ್ಟು ಹೇಳಿ, ಮಕ್ಕಳು ಹಾಗೆಯೇ ಅಂದುಕೊಂಡಿರುತ್ತಾರೆ. ಮಗುವಿನ ಎದುರು "ಪಾಪ, ಉಳೀತದಾ?" ಎಂದು ಪಿಸುಗುಟ್ಟುವವರನ್ನು ಜಗಲಿಯಿಂದಲೇ ಎಬ್ಬಿಸಿ ಕಳಿಸಿ. ಒಳ್ಳೆಯ ಚಿಕಿತ್ಸೆ ಪೂರ್ತಿಯಾಗಿ ಸಿಗುವ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಡ ದೇಶಗಳಲ್ಲಿ ಆ ಸಂಖ್ಯೆ ಕೆಳಗಿರುವುದಕ್ಕೆ ಚಿಕಿತ್ಸೆಯನ್ನು ನಡುವೆ ಬಿಡುವುದೂ ಒಂದು ದೊಡ್ಡ ಕಾರಣ. ಮಳೆಗೆ, ಕಾಫಿ ಕೊಯ್ಲಿಗೆ, ದುಡ್ಡಿಗೆ ಯಾವ ಸುತ್ತೂ ತಪ್ಪಬಾರದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಸೌಲಭ್ಯವಿದೆ. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲ ದಿನವೇ ಜತೆಗಿರಲಿ, ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಹುಡುಕಿ ಮಾತಾಡಿ.

ಬಾಗಿಲ ಬಳಿಯ ಚೀಲ

ಒಂದು ಚೀಲವನ್ನು ಸದಾ ತುಂಬಿಟ್ಟು ಬಾಗಿಲ ಬಳಿ ನೇತುಹಾಕಿ. ಜ್ವರದ ಚೀಟಿ, ಚಿಕಿತ್ಸೆಯ ಫೈಲ್, ಕೊನೆಯ ಸಿಬಿಸಿ, ಆರೋಗ್ಯ ಕಾರ್ಡ್, ಎರಡನೇ ಥರ್ಮಾಮೀಟರ್, ಎರಡು ದಿನದ ಮಾತ್ರೆ, ವಾಂತಿ ಮಾತ್ರೆ, ಮಾಸ್ಕ್, ಗ್ಲೌಸ್, ಪ್ಲಾಸ್ಟಿಕ್ ಚೀಲ, ಮಗುವಿನ ಎರಡು ಜತೆ ಬಟ್ಟೆ, ಕುದಿಸಿದ ನೀರು ತುಂಬಲು ಬಾಟಲಿ, ಟಾರ್ಚ್, ಪವರ್ ಬ್ಯಾಂಕ್, ಸ್ವಲ್ಪ ನಗದು. ಕಾಗದಗಳು ಪ್ಲಾಸ್ಟಿಕ್ ಲಕೋಟೆಯಲ್ಲಿರಲಿ. ಕರೆಂಟ್ ಹೋಗಿ ಟವರ್ ಆಫ್ ಆದಾಗ ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಯಾವ ನೆರೆಮನೆಯ ಜೀಪು ರಾತ್ರಿ ಬರುತ್ತದೆ, ಮರ ಬಿದ್ದರೆ ಗರಗಸ ಯಾರ ಬಳಿ ಇದೆ ಎಂಬುದನ್ನು ಕೇಳಿ ಬರೆದಿಡಿ. ಗಾಡಿಯ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ. ಮುಂದಿನ ಕೀಮೋಗೆ ಮಳೆಗಾಲದಲ್ಲಿ ಒಂದು ದಿನ ಮೊದಲೇ ಹೊರಡಿ. ತಿರುವಿನ ದಾರಿಗೆ ವಾಂತಿಯಾಗುವ ಮಗುವಿಗೆ ಡಾಕ್ಟರು ಬರೆದ ವಾಂತಿ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲು ಕೊಟ್ಟು, ಮುಂದಿನ ಸೀಟಿನ ಹಿಂದೆ ನೆಟ್ಟಗೆ ಕೂರಿಸಿ.

ಪ್ರತಿ ತಿಂಗಳ ಮೊದಲ ದಿನ ಚೀಲ ಬಿಚ್ಚಿ ನೋಡಿ. ಥರ್ಮಾಮೀಟರ್ ಹೊತ್ತುತ್ತದೆಯೇ, ಮಾತ್ರೆಯ ದಿನಾಂಕ ಮುಗಿದಿಲ್ಲವೇ, ಪವರ್ ಬ್ಯಾಂಕ್ ತುಂಬಿದೆಯೇ ನೋಡಿ. ಮಗುವಿನ ತೂಕ ಬದಲಾಗಿದ್ದರೆ ಜ್ವರದ ಚೀಟಿಯನ್ನು ಮುಂದಿನ ಭೇಟಿಯಲ್ಲಿ ಹೊಸದಾಗಿ ಬರೆಸಿಕೊಳ್ಳಿ, ಹಳೆಯ ಜೆರಾಕ್ಸ್‌ಗಳನ್ನು ಹರಿದುಹಾಕಿ.